ಪೋಪ್ ದೊಡ್ಡವರೋ, ಸಭೆ ದೊಡ್ಡದೋ?

1958ರ ಅಕ್ಟೋಬರ್ 28ರಂದು ವೆನಿಸ್ಸಿನ ಕಾರ್ಡಿನಲ್ ಆಂಜೆಲೊ ರೊಂಕಾಲ್ಲಿ ಪೋಪ್ ಆಗಿ ಆಯ್ಕೆಯಾದರು. ಯಾವ ಹೆಸರು ಇಟ್ಟುಕೊಳ್ಳುವಿರಿ ಎಂದು ಕೇಳಿದಾಗ ಅವರು ಹೇಳಿದ್ದು 'ಜಾನ್'. ಸುತ್ತಲಿದ್ದವರಿಗೆ ಆಶ್ಚರ್ಯವಾಯಿತು. ಪೋಪ್‌ಗಳ ಸಾಲಿನಲ್ಲಿ ಅತಿ ಹೆಚ್ಚು ಸಲ ಬಂದಿದ್ದ ಆ ಹೆಸರನ್ನು ಐದು ಶತಮಾನಗಳಿಂದ ಯಾರೂ ಮುಟ್ಟಿರಲಿಲ್ಲ. ಮುಟ್ಟಿದರೆ ಸಂಖ್ಯೆಯ ತೊಡಕು ಎದುರಾಗುತ್ತಿತ್ತು. ಇಪ್ಪತ್ತಮೂರನೇ ಜಾನ್ ಎನ್ನಬೇಕೋ, ಇಪ್ಪತ್ತನಾಲ್ಕನೇ ಜಾನ್ ಎನ್ನಬೇಕೋ?

ಫ್ಲಾರೆನ್ಸ್ ನಗರದ ಬ್ಯಾಪ್ಟಿಸ್ಟರಿಯಲ್ಲಿ, ದೊನಾತೆಲ್ಲೊ ಮತ್ತು ಮಿಕೆಲೊತ್ಸೊ ಕೂಡಿ ನಿರ್ಮಿಸಿದ ಒಂದು ಭವ್ಯ ಸಮಾಧಿಯಿದೆ. ಅದರ ಮೇಲಿನ ಲ್ಯಾಟಿನ್ ಬರಹ ಒಳಗಿರುವವನನ್ನು 'ಒಂದು ಕಾಲಕ್ಕೆ ಪೋಪ್ ಆಗಿದ್ದ ಇಪ್ಪತ್ತಮೂರನೇ ಜಾನ್' ಎಂದು ಕರೆಯುತ್ತದೆ. ಅವನ ಮನೆತನದ ಹೆಸರು ಬಾಲ್ದಸಾರೆ ಕೊಸ್ಸಾ. ರೊಂಕಾಲ್ಲಿ ತಾವೇ ಇಪ್ಪತ್ತಮೂರನೇ ಜಾನ್ ಎಂದು ಘೋಷಿಸಿಕೊಂಡದ್ದರಿಂದ, ಆ ಸಮಾಧಿಯಲ್ಲಿ ಮಲಗಿರುವವನು ಯಾವ ಕಾಲಕ್ಕೂ ನಿಜವಾದ ಪೋಪ್ ಆಗಿರಲಿಲ್ಲ ಎಂದು ತೀರ್ಪು ಕೊಟ್ಟಂತಾಯಿತು. ಇದಾಗಿ ಮೂರು ತಿಂಗಳಿಗೆ, 1959ರ ಜನವರಿ 25ರಂದು, ಅವರು ಇಡೀ ಕ್ಯಾಥೊಲಿಕ್ ಜಗತ್ತಿನ ಬಿಷಪ್ಪರನ್ನು ಒಂದು ಮಹಾಸಭೆಗೆ ಕರೆಯುವುದಾಗಿ ಪ್ರಕಟಿಸಿದರು.

ಈ ಎರಡು ನಿರ್ಧಾರಗಳ ನಡುವೆ ಒಂದು ನಂಟಿದೆ. ಹಿಂದಿನ ಆ ಜಾನ್ ಕೂಡ ಒಂದು ಮಹಾಸಭೆಯನ್ನು ಕರೆದಿದ್ದ. ಆ ಸಭೆ ಅವನನ್ನೇ ಪೀಠದಿಂದ ಇಳಿಸಿತು.

ಸಭೆ ಎಂಬ ಮಾತು

ಕನ್ನಡದ ಕ್ಯಾಥೊಲಿಕರು ತಮ್ಮ ಚರ್ಚನ್ನು, ಅಂದರೆ ಕಟ್ಟಡವನ್ನಲ್ಲ, ಇಡೀ ಸಂಸ್ಥೆಯನ್ನು, 'ಧರ್ಮಸಭೆ' ಎನ್ನುತ್ತಾರೆ. ಇದು ಮೂಲಕ್ಕೆ ಬಹಳ ಹತ್ತಿರವಾದ ಮಾತು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಚರ್ಚಿಗೆ ಇರುವ ಪದ 'ಎಕ್ಲೇಸಿಯಾ'. ಗ್ರೀಕ್ ನಗರಗಳಲ್ಲಿ ಪ್ರಜೆಗಳು ಕರೆಗೆ ಓಗೊಟ್ಟು ಒಂದೆಡೆ ಸೇರುವ ಸಭೆಗೆ ಆ ಹೆಸರಿತ್ತು. ಚರ್ಚ್ ಎಂದರೆ ಮೊದಲಿಗೆ ಸಭೆಯೇ. ಆ ಸಭೆಗೆ ಒಬ್ಬ ತಲೆಯಾಳಿದ್ದಾಗ ಕೊನೆಯ ಮಾತು ಯಾರದು ಎಂಬ ಪ್ರಶ್ನೆ ಹುಟ್ಟುತ್ತದೆ. ಕ್ಯಾಥೊಲಿಕ್ ಇತಿಹಾಸದುದ್ದಕ್ಕೂ ಅದು ಆಗಾಗ ತಲೆಯೆತ್ತಿದೆ.

ಮೊದಲ ಸಭೆಯ ನೆನಪು ಬೈಬಲಿನಲ್ಲೇ ಇದೆ. ಯೆಹೂದ್ಯರಲ್ಲದವರು ಕ್ರೈಸ್ತರಾಗಬೇಕಾದರೆ ಸುನ್ನತಿ ಮಾಡಿಸಿಕೊಳ್ಳಲೇಬೇಕೇ ಎಂಬ ವಿವಾದವನ್ನು ಬಗೆಹರಿಸಲು ಯೇಸುವಿನ ಶಿಷ್ಯರೂ ಹಿರಿಯರೂ ಜೆರುಸಲೇಮಿನಲ್ಲಿ ಕೂಡಿ ಚರ್ಚಿಸಿದರು. ಬೇಡ ಎಂದು ತೀರ್ಮಾನವಾಯಿತು. ಆ ತೀರ್ಮಾನವಿಲ್ಲದಿದ್ದರೆ ಕ್ರೈಸ್ತಧರ್ಮ ಯೆಹೂದ್ಯರ ಒಂದು ಪಂಗಡವಾಗಿಯೇ ಉಳಿಯುವ ಸಾಧ್ಯತೆಯಿತ್ತು.

ಕ್ಯಾಥೊಲಿಕರು ಈವರೆಗೆ 21 ಮಹಾಸಭೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮೊದಲನೆಯದು 325ರಲ್ಲಿ ಈಗಿನ ತುರ್ಕಿಯ ನೈಸಿಯಾದಲ್ಲಿ ಸೇರಿತು. ಮಗನಾದ ಕ್ರಿಸ್ತನು ತಂದೆಯಾದ ದೇವರಿಂದ ಸೃಷ್ಟಿಯಾದವನೋ, ಅಥವಾ ತಂದೆಯ ಸತ್ತ್ವವೇ ಆಗಿರುವವನೋ ಎಂಬುದು ಅಲ್ಲಿನ ವಿವಾದ. ಸಭೆ 'ಹೊಮೊಊಸಿಯೋಸ್', ಅಂದರೆ 'ಒಂದೇ ಸತ್ತ್ವದವನು', ಎಂಬ ಗ್ರೀಕ್ ಪದವನ್ನು ಆರಿಸಿಕೊಂಡಿತು. ಬೈಬಲಿನಲ್ಲಿ ಎಲ್ಲೂ ಇಲ್ಲದ ಪದ ಅದು. ಭಾನುವಾರದ ಪೂಜೆಯಲ್ಲಿ ಭಕ್ತರು ಹೇಳುವ ವಿಶ್ವಾಸಪ್ರಮಾಣದಲ್ಲಿ ಅದರ ಅನುವಾದ ಇಂದಿಗೂ ಇದೆ. ನೈಸಿಯಾ ಸಭೆಯನ್ನು ಕರೆದವನು ಕಾನ್‌ಸ್ಟಂಟೈನ್ ಚಕ್ರವರ್ತಿ. ರೋಮಿನ ಬಿಷಪ್ ಅಲ್ಲಿಗೆ ಹೋಗಲಿಲ್ಲ, ಪ್ರತಿನಿಧಿಗಳನ್ನು ಕಳಿಸಿದ. ಮೊದಲ ಎಂಟು ಸಭೆಗಳೂ ಹೀಗೆ ಪೂರ್ವದ ನಗರಗಳಲ್ಲಿ, ಚಕ್ರವರ್ತಿಗಳ ಆಶ್ರಯದಲ್ಲಿ ನಡೆದವು. 1123ರ ಲ್ಯಾಟರನ್ ಸಭೆಯಿಂದ ಮುಂದಕ್ಕೆ ಕರೆಯುವ ಅಧಿಕಾರ ಪೋಪ್‌ಗಳ ಕೈಗೆ ಬಂತು.

ಹೀಗೆ ಕರೆಯುವವನೇ ಪೋಪ್ ಆದ ಮೇಲೆ, ಪೋಪ್ ಯಾರು ಎಂಬುದೇ ಗೊತ್ತಾಗದಿದ್ದರೆ ಸಭೆಯನ್ನು ಕರೆಯುವವರು ಯಾರು? ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಈ ಪ್ರಶ್ನೆ ನಿಜವಾಗಿಯೇ ಬಂದು ನಿಂತಿತು.

ಒಬ್ಬರ ಬದಲು ಮೂವರು

1309ರಿಂದ ಸುಮಾರು ಎಪ್ಪತ್ತು ವರ್ಷ ಪೋಪ್‌ಗಳು ರೋಮನ್ನು ಬಿಟ್ಟು ಅವಿನ್ಯೋಂ ನಗರದಲ್ಲಿದ್ದರು. ಹನ್ನೊಂದನೇ ಗ್ರೆಗರಿ 1377ರಲ್ಲಿ ರೋಮಿಗೆ ಮರಳಿ, ಮರುವರ್ಷವೇ ತೀರಿಕೊಂಡ. ಹೊಸಬನನ್ನು ಆರಿಸಲು ಕಾರ್ಡಿನಲ್‌ಗಳು ಒಳಗೆ ಸೇರಿದಾಗ ಹೊರಗೆ ಜನ ಗಲಾಟೆ ಎಬ್ಬಿಸಿದ್ದರು. ರೋಮಿನವನೇ ಬೇಕು, ಕಡೇಪಕ್ಷ ಇಟಲಿಯವನಾದರೂ ಬೇಕು ಎಂಬುದು ಅವರ ಕೂಗು. ಬಾರಿ ನಗರದ ಆರ್ಚ್‌ಬಿಷಪ್ ಆಯ್ಕೆಯಾಗಿ ಆರನೇ ಅರ್ಬನ್ ಎನಿಸಿಕೊಂಡ. ಪೀಠವೇರಿದ ಮೇಲೆ ಅವನ ಸಿಟ್ಟು, ಬೈಗುಳಗಳನ್ನು ತಾಳಲಾರದೆ ಫ್ರೆಂಚ್ ಕಾರ್ಡಿನಲ್‌ಗಳು ರೋಮಿನಿಂದ ಹೊರಬಂದರು. ಗುಂಪಿನ ಭಯಕ್ಕೆ ಮಾಡಿದ ಆಯ್ಕೆ ಆಯ್ಕೆಯೇ ಅಲ್ಲ ಎಂದರು. ಅದೇ ಸೆಪ್ಟೆಂಬರಿನಲ್ಲಿ ಏಳನೇ ಕ್ಲೆಮೆಂಟ್ ಎಂಬ ಇನ್ನೊಬ್ಬನನ್ನು ಆರಿಸಿದರು. ಅವನು ಅವಿನ್ಯೋಂಗೆ ಹೋಗಿ ಕೂತ.

ಯೂರೋಪು ಎರಡು ಪಾಲಾಯಿತು. ಫ್ರಾನ್ಸ್, ಸ್ಕಾಟ್‌ಲೆಂಡ್, ಸ್ಪೇನಿನ ರಾಜ್ಯಗಳು ಅವಿನ್ಯೋಂ ಕಡೆಗೆ ನಿಂತವು. ಇಂಗ್ಲೆಂಡ್, ಹಂಗೇರಿ, ಪೋಲೆಂಡ್ ಮತ್ತು ಜರ್ಮನ್ ನಾಡುಗಳ ಬಹುಭಾಗ ರೋಮಿನ ಕಡೆಗೆ ನಿಂತವು. ಮುಂದೆ ಸಂತರೆಂದು ಘೋಷಿತರಾದವರೂ ಎರಡು ಕಡೆ ಇದ್ದರು: ಸಿಯೆನಾದ ಕ್ಯಾಥರೀನ್ ರೋಮಿನ ಪರ, ವಿನ್ಸೆಂಟ್ ಫೆರರ್ ಅವಿನ್ಯೋಂ ಪರ. ಇಬ್ಬರು ಪೋಪ್‌ಗಳೂ ಒಬ್ಬರನ್ನೊಬ್ಬರು ಬಹಿಷ್ಕರಿಸಿದರು. ಒಬ್ಬ ಸತ್ತರೆ ಅವನ ಕಡೆಯವರು ಮತ್ತೊಬ್ಬನನ್ನು ಆರಿಸಿಕೊಂಡರು. ಸಾಮಾನ್ಯ ಭಕ್ತನಿಗೆ ಇದು ದೂರದ ರಾಜಕೀಯವಾಗಿರಲಿಲ್ಲ. ತನಗೆ ಸಂಸ್ಕಾರ ಕೊಡುವ ಪಾದ್ರಿಯನ್ನು ನೇಮಿಸಿದ ಬಿಷಪ್ಪನನ್ನು ನೇಮಿಸಿದವನು ಸುಳ್ಳು ಪೋಪ್ ಆಗಿದ್ದರೆ ತನ್ನ ಆತ್ಮದ ಗತಿಯೇನು ಎಂಬ ಅಳುಕು ಅದರಲ್ಲಿತ್ತು.

ಕೊನೆಗೆ ಎರಡೂ ಬಣದ ಕಾರ್ಡಿನಲ್‌ಗಳು ಬೇಸತ್ತು 1409ರಲ್ಲಿ ಪಿಸಾ ನಗರದಲ್ಲಿ ಸಭೆ ಸೇರಿದರು. ರೋಮಿನ ಹನ್ನೆರಡನೇ ಗ್ರೆಗರಿ, ಅವಿನ್ಯೋಂನ ಹದಿಮೂರನೇ ಬೆನೆಡಿಕ್ಟ್ ಇಬ್ಬರನ್ನೂ ವಜಾ ಮಾಡಿ ಹೊಸಬನನ್ನು ಆರಿಸಿದರು. ಹಳಬರಿಬ್ಬರೂ ಕದಲಲಿಲ್ಲ. ಎರಡಿದ್ದದ್ದು ಮೂರಾಯಿತು. ಪಿಸಾದಲ್ಲಿ ಆಯ್ಕೆಯಾದವನು ಮರುವರ್ಷ ಸತ್ತಾಗ ಆ ಜಾಗಕ್ಕೆ ಬಂದವನೇ ಕೊಸ್ಸಾ, ಫ್ಲಾರೆನ್ಸಿನ ಸಮಾಧಿಯ ಜಾನ್.

ಕಾನ್‌ಸ್ಟನ್ಸ್

ಗಂಟನ್ನು ಬಿಡಿಸಲು ಮುಂದೆ ಬಂದವನು ಜರ್ಮನ್ ನಾಡುಗಳ ರಾಜ ಸಿಗಿಸ್ಮಂಡ್. ರಾಜಕೀಯವಾಗಿ ಇಕ್ಕಟ್ಟಿನಲ್ಲಿದ್ದ ಜಾನ್‌ನ ಮೇಲೆ ಒತ್ತಡ ಹೇರಿ ಅವನಿಂದಲೇ ಸಭೆ ಕರೆಸಿದ. 1414ರ ನವೆಂಬರ್ 5ರಂದು, ಆಲ್ಪ್ಸ್ ಪರ್ವತಗಳ ಉತ್ತರಕ್ಕೆ ದೊಡ್ಡ ಸರೋವರವೊಂದರ ದಡದಲ್ಲಿರುವ ಕಾನ್‌ಸ್ಟನ್ಸ್ ಎಂಬ ವ್ಯಾಪಾರಿ ಊರಿನಲ್ಲಿ ಸಭೆ ಆರಂಭವಾಯಿತು. ಅದು ಮೂರೂವರೆ ವರ್ಷ ನಡೆಯಿತು. ಬಿಷಪ್ಪರು, ಮಠಾಧಿಪತಿಗಳು, ವಿಶ್ವವಿದ್ಯಾಲಯಗಳ ಪಂಡಿತರು, ರಾಜರ ರಾಯಭಾರಿಗಳು, ಅವರ ಆಳುಕಾಳುಗಳು, ಅವರೆಲ್ಲರಿಗೆ ರೊಟ್ಟಿ ಸುಡುವವರು, ಹೀಗೆ ಯೂರೋಪೆಲ್ಲ ಅಲ್ಲಿಗೆ ಬಂದಿಳಿದಂತಿತ್ತು. ಉಲ್ರಿಖ್ ರಿಖೆಂಟಾಲ್ ಎಂಬ ಊರಿನವನೊಬ್ಬ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಅವನ ವೃತ್ತಾಂತದ ಸಚಿತ್ರ ಪ್ರತಿಗಳಲ್ಲಿ ಬೀದಿಯಲ್ಲಿ ಒಲೆ ತಳ್ಳಿಕೊಂಡು ಹೋಗುವ ರೊಟ್ಟಿಗಾರರ ಚಿತ್ರವೂ ಇದೆ.

ಸಿಗಿಸ್ಮಂಡ್ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. ಸಭೆಯಲ್ಲಿ ಮಾತಾಡುವಾಗ ಒಡಕು ಎಂಬರ್ಥದ 'ಸ್ಕಿಸ್ಮಾ' ಎಂಬ ನಪುಂಸಕಲಿಂಗದ ಪದವನ್ನು ಅವನು ಸ್ತ್ರೀಲಿಂಗವಾಗಿ ಬಳಸಿದನಂತೆ. ಒಬ್ಬರು ತಿದ್ದಿದಾಗ, ತಾನು ರಾಜ, ವ್ಯಾಕರಣಕ್ಕಿಂತ ಮೇಲಿನವನು ಎಂದನಂತೆ. ನಡೆದದ್ದೋ ಕಟ್ಟಿದ್ದೋ, ಆ ಸಭೆಯ ಮುಂದಿದ್ದ ಪ್ರಶ್ನೆಗೆ ಕಥೆ ಸರಿಯಾಗಿ ಹೊಂದುತ್ತದೆ. ಅಧಿಕಾರದಲ್ಲಿರುವವನು ನಿಯಮಕ್ಕಿಂತ ಮೇಲೋ, ಕೆಳಗೋ?

ಜಾನ್‌ನ ಲೆಕ್ಕಾಚಾರ ಸರಳವಾಗಿತ್ತು. ಇಟಲಿಯ ಬಿಷಪ್ಪರ ಸಂಖ್ಯೆ ದೊಡ್ಡದು, ತಲೆಗೊಂದು ಮತವಾದರೆ ಗೆಲುವು ತನ್ನದೇ. ಸಭೆ ಆ ಲೆಕ್ಕವನ್ನು ಕೆಡಿಸಿತು. ಬಂದವರನ್ನೆಲ್ಲ ಇಟಲಿ, ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್ ಎಂದು 'ನಾಡು'ಗಳಾಗಿ ವಿಂಗಡಿಸಿ, ಒಂದೊಂದು ನಾಡಿಗೆ ಒಂದೇ ಮತ ಎಂದು ಗೊತ್ತುಮಾಡಿತು. ಸ್ಪೇನ್ ಮುಂದೆ ಸೇರಿಕೊಂಡಿತು. ನಾಡುಗಳೊಳಗಿನ ಚರ್ಚೆಯಲ್ಲಿ ಬಿಷಪ್ಪರಷ್ಟೇ ಅಲ್ಲದೆ ವಿದ್ವಾಂಸರಿಗೂ ಮತವಿತ್ತು. ಸೋಲು ಖಚಿತವಾದಾಗ 1415ರ ಮಾರ್ಚ್ 20ರಂದು, ಊರಿನವರೆಲ್ಲ ಕುದುರೆ ಸವಾರರ ಕಾಳಗದ ಆಟ ನೋಡುವುದರಲ್ಲಿ ಮುಳುಗಿದ್ದಾಗ, ಜಾನ್ ವೇಷ ಮರೆಸಿಕೊಂಡು ಓಡಿಹೋದ. ಕರೆದವನೇ ಇಲ್ಲದ ಮೇಲೆ ಸಭೆ ತಾನಾಗಿಯೇ ಮುರಿದುಬೀಳುತ್ತದೆ ಎಂಬ ಆಸೆ ಅವನದು.

ಸಭೆ ಮುರಿಯಲಿಲ್ಲ. ಪ್ಯಾರಿಸ್ ವಿಶ್ವವಿದ್ಯಾಲಯದ ಕುಲಪತಿ ಜಾನ್ ಗೆರ್ಸನ್ ಮತ್ತು ಅವನಂಥ ಪಂಡಿತರು ಎಲ್ಲರಿಗೂ ಧೈರ್ಯ ತುಂಬಿದರು. ಪೋಪ್‌ನನ್ನು ಯಾರೂ ವಿಚಾರಿಸುವಂತಿಲ್ಲ, ಆದರೆ ಅವನು ವಿಶ್ವಾಸದಿಂದಲೇ ಜಾರಿದರೆ ಆ ಮಾತು ಬೇರೆ ಎಂಬ ಹಳೆಯ ವಿನಾಯಿತಿ ಹನ್ನೆರಡನೇ ಶತಮಾನದ ಧರ್ಮಶಾಸ್ತ್ರ ಗ್ರಂಥಗಳಲ್ಲೇ ಇತ್ತು. ಆ ಬಿರುಕಿನೊಳಗಿಂದ ಒಂದು ಸಿದ್ಧಾಂತ ಬೆಳೆದಿತ್ತು. ಏಪ್ರಿಲ್ 6ರಂದು ಸಭೆ 'ಹೇಕ್ ಸಾಂಕ್ತಾ' ಎಂಬ ನಿರ್ಣಯವನ್ನು ಅಂಗೀಕರಿಸಿತು. ಅದರ ಸಾರ ಇಷ್ಟು: ಈ ಸಭೆಗೆ ಅಧಿಕಾರ ಬಂದಿರುವುದು ನೇರವಾಗಿ ಕ್ರಿಸ್ತನಿಂದ; ವಿಶ್ವಾಸದ ವಿಷಯದಲ್ಲಿ, ಒಡಕನ್ನು ಅಳಿಸುವುದರಲ್ಲಿ, ಸುಧಾರಣೆಯಲ್ಲಿ ಪ್ರತಿಯೊಬ್ಬನೂ, ಪೋಪ್ ಪದವಿಯಲ್ಲಿರುವವನೂ, ಅದಕ್ಕೆ ವಿಧೇಯನಾಗಿರಬೇಕು.

ಜಾನ್‌ನನ್ನು ಹಿಡಿದು ತಂದರು. ಮೇ 29ರಂದು ಆರೋಪಗಳ ಉದ್ದನೆಯ ಪಟ್ಟಿ ಓದಿ ವಜಾ ಮಾಡಿದರು.

ಹುಸ್

ಅದೇ ಸಭೆ ಅದೇ ಬೇಸಿಗೆಯಲ್ಲಿ ಇನ್ನೊಬ್ಬನನ್ನು ವಿಚಾರಣೆಗೆ ಗುರಿಪಡಿಸಿತ್ತು. ಯಾನ್ ಹುಸ್ ಪ್ರಾಗ್ ನಗರದ ಪಾದ್ರಿ, ಅಲ್ಲಿನ ವಿಶ್ವವಿದ್ಯಾಲಯದ ಮುಖ್ಯಸ್ಥನೂ ಆಗಿದ್ದವನು. ಜನರ ಚೆಕ್ ಭಾಷೆಯಲ್ಲಿ ಪ್ರವಚನ ಮಾಡಲೆಂದೇ ಕಟ್ಟಿದ್ದ ಬೆತ್ಲೆಹೆಮ್ ಮಂದಿರದಲ್ಲಿ ಅವನು ಉಪದೇಶಿಸುತ್ತಿದ್ದ. ಚೆಕ್ ಅಕ್ಷರಗಳ ತಲೆಯ ಮೇಲೆ ಚಿಹ್ನೆಯಿಟ್ಟು ಒಂದು ಉಲಿಗೆ ಒಂದೇ ಅಕ್ಷರ ಎಂಬ ಬರವಣಿಗೆಯ ಕ್ರಮವನ್ನು ರೂಪಿಸಿದ ಕೀರ್ತಿಯೂ ಅವನಿಗೆ ಸಲ್ಲುತ್ತದೆ. ಪಾದ್ರಿಗಳ ಹಣದಾಸೆಯನ್ನು, ಪಾಪಪರಿಹಾರ ಪತ್ರಗಳ ಮಾರಾಟವನ್ನು ಅವನು ಖಂಡಿಸಿದ್ದ. ಧರ್ಮಸಭೆಯ ನಿಜವಾದ ತಲೆ ಕ್ರಿಸ್ತನೇ, ಘೋರ ಪಾಪದಲ್ಲಿ ಬದುಕುವ ಪೋಪ್ ನಿಜವಾದ ಪೋಪ್ ಅಲ್ಲ ಎಂದಿದ್ದ.

ಸಿಗಿಸ್ಮಂಡ್ ಕೊಟ್ಟ ಅಭಯಪತ್ರವನ್ನು ನಂಬಿ ಹುಸ್ ಕಾನ್‌ಸ್ಟನ್ಸಿಗೆ ಬಂದ. ಬಂದು ಒಂದು ತಿಂಗಳು ತುಂಬುವ ಮೊದಲೇ ಸೆರೆಯಾದ. ಧರ್ಮವಿರೋಧಿಗೆ ರಾಜ ಕೊಟ್ಟ ಮಾತು ಧರ್ಮಸಭೆಯ ನ್ಯಾಯಕ್ಕೆ ಅಡ್ಡಬರಲಾರದು ಎಂಬುದು ಸಭೆಯ ವಾದ. ಅವನ ಮುಂದಿಟ್ಟ ಹೇಳಿಕೆಗಳಲ್ಲಿ ಕೆಲವನ್ನು ತಾನು ಯಾವತ್ತೂ ಹೇಳಿಲ್ಲ, ಹೇಳದ್ದನ್ನು ಹಿಂತೆಗೆದುಕೊಂಡರೆ ಅದು ಸುಳ್ಳಾಗುತ್ತದೆ ಎಂದು ಅವನು ಪಟ್ಟುಹಿಡಿದ. 1415ರ ಜುಲೈ 6ರಂದು ಅವನ ಪಾದ್ರಿಯ ಉಡುಪನ್ನು ಒಂದೊಂದಾಗಿ ಕಳಚಿ, ತಲೆಗೆ ದೆವ್ವಗಳ ಚಿತ್ರವಿದ್ದ ಕಾಗದದ ಕಿರೀಟವಿಟ್ಟು, ಊರಾಚೆ ಜೀವಂತ ಸುಟ್ಟರು. ಬೂದಿಯನ್ನು ರೈನ್ ನದಿಗೆ ಚೆಲ್ಲಿದರು.

ಪಾಪಿಷ್ಠ ಪೋಪ್ ಪೋಪ್ ಅಲ್ಲ ಎಂದವನನ್ನು ಸುಟ್ಟ ಸಭೆ, ಐದು ವಾರಗಳ ಹಿಂದಷ್ಟೇ ಒಬ್ಬ ಪೋಪ್‌ನನ್ನು ಅವನ ದುರ್ನಡತೆಯ ಪಟ್ಟಿ ಓದಿ ಇಳಿಸಿತ್ತು. ಸಭೆಯವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ. ಸಭೆ ಇಳಿಸುವುದು ಒಂದು, ಒಬ್ಬ ಪಾದ್ರಿ ತನ್ನ ಆತ್ಮಸಾಕ್ಷಿಯ ಮೇಲೆ ನಿಂತು ಹಾಗೆ ಹೇಳುವುದು ಇನ್ನೊಂದು. ಪೋಪ್‌ನ ನಿರಂಕುಶತೆಯ ವಿರುದ್ಧ ವಾದಿಸಿದ ಗೆರ್ಸನ್ ಹುಸ್‌ನ ಖಂಡನೆಯಲ್ಲೂ ಮುಂಚೂಣಿಯಲ್ಲಿದ್ದ. ಅಧಿಕಾರ ಒಬ್ಬನ ಕೈಯಿಂದ ಹಲವರ ಕೈಗೆ ಹೋಯಿತು; ಒಂಟಿಯಾಗಿ ನಿಂತವನಿಗೆ ಅದರಿಂದ ರಕ್ಷಣೆ ಸಿಗಲಿಲ್ಲ.

ಮೂರು ತಿಂಗಳ ಅಂತರ

ಉಳಿದ ಇಬ್ಬರು ಪೋಪ್‌ಗಳಲ್ಲಿ ರೋಮಿನ ಹನ್ನೆರಡನೇ ಗ್ರೆಗರಿ ರಾಜೀನಾಮೆಗೆ ಒಪ್ಪಿದ. ಅವನದು ಒಂದೇ ಷರತ್ತು: ಜಾನ್ ಕರೆದ ಸಭೆಯನ್ನು ತಾನು ಸಭೆಯೆಂದು ಒಪ್ಪಲಾರೆ, ಮೊದಲು ತಾನು ಅದನ್ನು ವಿಧಿವತ್ತಾಗಿ ಕರೆಯಬೇಕು. ಇದರಿಂದ ಏನೂ ಹೋಗುವುದಿಲ್ಲ ಎಂದುಕೊಂಡು ಸಭೆ ಒಪ್ಪಿತು. 1415ರ ಜುಲೈ 4ರಂದು ಗ್ರೆಗರಿಯ ಪ್ರತಿನಿಧಿ ಕರೆಯ ಪತ್ರವನ್ನು ಓದಿಸಿ, ಅನಂತರ ರಾಜೀನಾಮೆಯನ್ನು ಘೋಷಿಸಿದ. ಇದಾದ ಮೇಲೆ 2013ರವರೆಗೆ ಬೇರಾವ ಪೋಪನೂ ರಾಜೀನಾಮೆ ಕೊಡಲಿಲ್ಲ.

ಆ ದಿನ ಬರಿಯ ಔಪಚಾರಿಕತೆಯಾಗಿ ಕಂಡ ಆ ಪತ್ರ ಮುಂದೆ ಭಾರಿ ತೂಕ ಪಡೆಯಿತು. ರೋಮಿನ ಸಾಲೇ ನಿಜವಾದ ಸಾಲು ಎಂದು ಹಿಡಿದರೆ, ಸಭೆ ಅಧಿಕೃತವಾದದ್ದು ಜುಲೈ 4ರಂದು. ಪೋಪ್‌ಗಿಂತ ಸಭೆ ದೊಡ್ಡದು ಎಂದ ಹೇಕ್ ಸಾಂಕ್ತಾ ಹೊರಟದ್ದು ಏಪ್ರಿಲ್ 6ರಂದು. ಹಾಗಾಗಿ ಅದು ಇನ್ನೂ ಮಹಾಸಭೆಯಾಗದಿದ್ದ ಒಂದು ಗುಂಪಿನ ಮಾತು, ಯಾರನ್ನೂ ಕಟ್ಟಿಹಾಕುವುದಿಲ್ಲ ಎಂದು ಪೋಪ್ ಪರ ಪಂಡಿತರು ಶತಮಾನಗಳ ಕಾಲ ವಾದಿಸಿದ್ದಾರೆ. ಇದೇ ಲೆಕ್ಕವನ್ನು ಎರಡು ದಿನ ಮುಂದಕ್ಕೆ ಎಳೆದರೆ ಏನಾಗುತ್ತದೆ ಎಂಬುದನ್ನು ಅವರು ಅಷ್ಟು ಒತ್ತಿ ಹೇಳುವುದಿಲ್ಲ. ಹುಸ್‌ಗೆ ಶಿಕ್ಷೆಯಾದದ್ದು ಜುಲೈ 6ರಂದು. ಅಂದರೆ ಪೋಪ್‌ಗೆ ಕಡಿವಾಣ ಹಾಕಿದ ನಿರ್ಣಯ ಅನಧಿಕೃತ, ಪಾದ್ರಿಯನ್ನು ಸುಡಲು ಒಪ್ಪಿಸಿದ ನಿರ್ಣಯ ಅಧಿಕೃತ.

ಮೂರನೆಯವನಾದ ಹದಿಮೂರನೇ ಬೆನೆಡಿಕ್ಟ್ ಕೊನೆಗೂ ಬಗ್ಗಲಿಲ್ಲ. 1417ರ ಜುಲೈನಲ್ಲಿ ಸಭೆ ಅವನನ್ನೂ ವಜಾ ಮಾಡಿತು. ಸ್ಪೇನಿನ ಪೆನಿಸ್ಕೊಲಾ ಎಂಬ ಕಡಲತೀರದ ಕೋಟೆಯಲ್ಲಿ ಕೂತು, ತಾನೇ ಪೋಪ್ ಎನ್ನುತ್ತಲೇ ಅವನು 1423ರಲ್ಲಿ ಸತ್ತ. ಅಷ್ಟರಲ್ಲಿ ಸಭೆ ಇನ್ನೊಂದು ದೊಡ್ಡ ನಿರ್ಣಯ ಮಾಡಿತ್ತು. 'ಫ್ರೆಕ್ವೆನ್ಸ್' ಎಂಬ ಆ ನಿರ್ಣಯದ ಪ್ರಕಾರ ಮುಂದಿನ ಸಭೆ ಐದು ವರ್ಷಕ್ಕೆ, ಅದರ ಮುಂದಿನದು ಏಳು ವರ್ಷಕ್ಕೆ, ಅಲ್ಲಿಂದಾಚೆ ಹತ್ತು ಹತ್ತು ವರ್ಷಕ್ಕೊಂದು ಸಭೆ ನಡೆಯಲೇಬೇಕು. 1417ರ ನವೆಂಬರ್ 11ರಂದು, ಸರೋವರದ ದಡದ ಸರಕುಗಳ ಉಗ್ರಾಣದಲ್ಲಿ, 23 ಕಾರ್ಡಿನಲ್‌ಗಳೂ ಐದು ನಾಡುಗಳ ತಲಾ ಆರು ಪ್ರತಿನಿಧಿಗಳೂ ಸೇರಿ ಐದನೇ ಮಾರ್ಟಿನ್‌ನನ್ನು ಆರಿಸಿದರು. ಮೂವತ್ತೊಂಬತ್ತು ವರ್ಷಗಳ ಒಡಕು ಮುಗಿಯಿತು.

1418ರ ಏಪ್ರಿಲ್ 22ರ ಕೊನೆಯ ಅಧಿವೇಶನದಲ್ಲಿ, ವಿಶ್ವಾಸದ ವಿಷಯದಲ್ಲಿ ಇಲ್ಲಿ 'ಕೊಂಚಿಲಿಯಾರಿತೆರ್' ತೀರ್ಮಾನವಾದದ್ದನ್ನೆಲ್ಲ ಪಾಲಿಸುವುದಾಗಿ ಮಾರ್ಟಿನ್ ಹೇಳಿದ. 'ಮಹಾಸಭೆಯ ಕ್ರಮದಲ್ಲಿ' ಎಂಬ ಅರ್ಥದ ಕ್ರಿಯಾವಿಶೇಷಣ ಅದು. ನಾಡುಗಳ ಸಭೆಯಲ್ಲಷ್ಟೇ ಖಂಡಿತವಾಗಿದ್ದ ಒಂದು ಪುಸ್ತಕದ ಬಗ್ಗೆ ಪೋಲೆಂಡಿನವರು ಎತ್ತಿದ ತಕರಾರಿಗೆ ಕೊಟ್ಟ ಉತ್ತರದಲ್ಲಿ ಬಂದ ಮಾತು. ಹೇಕ್ ಸಾಂಕ್ತಾ ಆ ಒಂದು ಪದದ ಒಳಗೆ ಬರುತ್ತದೋ ಹೊರಗುಳಿಯುತ್ತದೋ ಎಂಬ ವಾದ ಇನ್ನೂ ನಿಂತಿಲ್ಲ.

ಏಣಿಯನ್ನು ಒದ್ದದ್ದು

ಸಭೆಯ ಏಣಿ ಹತ್ತಿ ಪೀಠಕ್ಕೆ ಬಂದ ಪೋಪ್‌ಗಳಿಗೆ ಆ ಏಣಿ ಅಲ್ಲೇ ನಿಂತಿರುವುದು ಬೇಡವಾಯಿತು. 1431ರಲ್ಲಿ ಬಾಸೆಲ್‌ನಲ್ಲಿ ಸೇರಿದ ಸಭೆಯೊಂದಿಗೆ ನಾಲ್ಕನೇ ಯೂಜೀನ್ ವರ್ಷಗಟ್ಟಲೆ ಜಗಳವಾಡಿದ. ಸಭೆಯೂ ಹಟಕ್ಕೆ ಬಿದ್ದು 1439ರಲ್ಲಿ ಬೇರೊಬ್ಬ ಪೋಪ್‌ನನ್ನು ಆರಿಸಿತು. ಒಡಕನ್ನು ಅಳಿಸಲು ಹುಟ್ಟಿದ ವ್ಯವಸ್ಥೆ ತಾನೇ ಒಡಕು ತಂದಾಗ ಜನರಿಗೆ ಅದರ ಮೇಲಿದ್ದ ನಂಬಿಕೆ ಕರಗಿತು. ಬಾಸೆಲ್ ಸಭೆಯಲ್ಲಿ ಲೇಖಣಿ ಹಿಡಿದು ಅದರ ಪರ ದುಡಿದಿದ್ದ ಏನಿಯಾಸ್ ಸಿಲ್ವಿಯಸ್ ಎಂಬ ಸಾಹಿತಿ ಮುಂದೆ ತಾನೇ ಎರಡನೇ ಪಯಸ್ ಪೋಪ್ ಆದ. 1460ರಲ್ಲಿ ಅವನೇ, ಪೋಪ್‌ನ ತೀರ್ಪಿನ ವಿರುದ್ಧ ಮಹಾಸಭೆಗೆ ಮೇಲ್ಮನವಿ ಸಲ್ಲಿಸುವುದು ಅಪರಾಧ ಎಂದು ಆಜ್ಞೆ ಹೊರಡಿಸಿದ. ಧರ್ಮಸಭೆಯ ಕಾನೂನಿನಲ್ಲಿ ಅದು ಇಂದಿಗೂ ಶಿಕ್ಷಾರ್ಹ.

ಹತ್ತು ವರ್ಷಕ್ಕೊಂದು ಸಭೆ ನಡೆಯಲಿಲ್ಲ, ಸುಧಾರಣೆಗಳೂ ನಿಂತವು. ಒಂದು ಶತಮಾನದ ನಂತರ ಮಾರ್ಟಿನ್ ಲೂಥರ್ ಮೊದಲು ಮಹಾಸಭೆಗೇ ಮೊರೆಯಿಟ್ಟ. 1519ರ ಲೈಪ್‌ಜಿಗ್ ವಾದದಲ್ಲಿ ಎದುರಾಳಿ ಹುಸ್‌ನ ಹೆಸರೆತ್ತಿ ಚುಚ್ಚಿದಾಗ, ಕಾನ್‌ಸ್ಟನ್ಸ್ ಸಭೆ ಖಂಡಿಸಿದ ಮಾತುಗಳಲ್ಲಿ ಕೆಲವು ನಿಜವಾದ ಕ್ರೈಸ್ತ ಮಾತುಗಳು, ಮಹಾಸಭೆಗಳೂ ತಪ್ಪಬಹುದು ಎಂದ. ರೋಮ್ ಕೊನೆಗೆ ಟ್ರೆಂಟ್ ನಗರದಲ್ಲಿ ಸಭೆ ಕರೆದದ್ದು 1545ರಲ್ಲಿ. ಪಾದ್ರಿಗಳ ಶಿಕ್ಷಣದಿಂದ ಹಿಡಿದು ಬಿಷಪ್ಪರ ಶಿಸ್ತಿನವರೆಗೆ ಬಹಳಷ್ಟನ್ನು ಅದು ಸರಿಪಡಿಸಿತು. ಅಷ್ಟು ಹೊತ್ತಿಗೆ ಉತ್ತರ ಯೂರೋಪಿನ ಬಹುಭಾಗ ಕೈಬಿಟ್ಟುಹೋಗಿತ್ತು.

1870ರ ಜುಲೈ 18ರಂದು ಮೊದಲನೇ ವ್ಯಾಟಿಕನ್ ಸಭೆ ಹಳೆಯ ಪ್ರಶ್ನೆಗೆ ಪೋಪ್ ಪರವಾಗಿ ಉತ್ತರ ಬರೆಯಿತು. ವಿಶ್ವಾಸ ಮತ್ತು ನೀತಿಯ ವಿಷಯದಲ್ಲಿ ಪೋಪ್ ತಮ್ಮ ಪೀಠದ ಪೂರ್ಣ ಅಧಿಕಾರದಿಂದ ಕೊಟ್ಟ ತೀರ್ಮಾನ ತಪ್ಪಲಾರದು, ಅದು ತನ್ನಿಂದ ತಾನೇ ಅಚಲ, ಧರ್ಮಸಭೆಯ ಒಪ್ಪಿಗೆಯಿಂದಲ್ಲ ಎಂದಿತು. ಪರ 533 ಮತ, ವಿರೋಧ 2. ವಿರೋಧವಿದ್ದ ಬಿಷಪ್ಪರಲ್ಲಿ ಹೆಚ್ಚಿನವರು ಮುಖಾಮುಖಿ ಬೇಡವೆಂದು ಮೊದಲೇ ರೋಮ್ ಬಿಟ್ಟಿದ್ದರು. ಸಭೆಯ ಒಪ್ಪಿಗೆ ಬೇಕಿಲ್ಲ ಎಂಬುದಕ್ಕೂ ಸಭೆಯ ಒಪ್ಪಿಗೆ ಬೇಕಾಯಿತು.

ಮತ್ತೊಬ್ಬ ಜಾನ್

ಈ ಹಿನ್ನೆಲೆಯಲ್ಲಿ ನೋಡಿದರೆ, ಇನ್ನು ಮಹಾಸಭೆಗಳ ಅಗತ್ಯವೇ ಇಲ್ಲ ಎಂದು ಹಲವರು ತಿಳಿದಿದ್ದ ಕಾಲದಲ್ಲಿ ರೊಂಕಾಲ್ಲಿ ಸಭೆ ಕರೆದದ್ದು ಎಷ್ಟು ದೊಡ್ಡ ತಿರುವು ಎಂಬುದು ತಿಳಿಯುತ್ತದೆ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಗೆ ಎರಡು ಸಾವಿರಕ್ಕೂ ಹೆಚ್ಚು ಬಿಷಪ್ಪರು ಬಂದರು. ಮುಂಬೈಯ ಕಾರ್ಡಿನಲ್ ವಲೇರಿಯನ್ ಗ್ರೇಷಿಯಸ್ ಸೇರಿದಂತೆ ಏಷ್ಯಾ, ಆಫ್ರಿಕಾಗಳಿಂದ ಬಂದವರೂ ಅವರಲ್ಲಿದ್ದರು. ಬಿಷಪ್ಪರೆಲ್ಲ ಸೇರಿ, ಪೋಪ್‌ರೊಂದಿಗೆ ಮತ್ತು ಅವರ ಅಡಿಯಲ್ಲಿ, ಇಡೀ ಧರ್ಮಸಭೆಯ ಹೊಣೆ ಹೊತ್ತಿದ್ದಾರೆ ಎಂದು ಆ ಸಭೆ ಹೇಳಿತು. 1870ರ ಮಾತನ್ನು ಅಳಿಸಲಿಲ್ಲ, ಅದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟಿತು. ಕಾನ್‌ಸ್ಟನ್ಸ್ ನಿರ್ಣಯದ ಬಲ ಎಷ್ಟು ಎಂಬ ಚರ್ಚೆಯನ್ನು ಹಾನ್ಸ್ ಕ್ಯೂಂಗ್ ಮುಂತಾದ ಪಂಡಿತರು ಆ ದಶಕದಲ್ಲೇ ಮತ್ತೆ ಎತ್ತಿದರು.

1963ರ ಡಿಸೆಂಬರ್ 4ರಂದು ಆ ಸಭೆ ಪೂಜಾವಿಧಿಯ ದಾಖಲೆಯನ್ನು 2147 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದವು ನಾಲ್ಕೇ ನಾಲ್ಕು. ಲ್ಯಾಟಿನ್ ಪೂಜೆ ಜನರ ಭಾಷೆಗಳಿಗೆ ಬಂದದ್ದು ಹಾಗೆ. ಬಲಿಪೂಜೆ ಕನ್ನಡದಲ್ಲಿ ನಡೆಯುವುದಾಗಲಿ, ಮುಂಬೈಯಲ್ಲಿ ನೆಲೆಸಿದ ಮಂಗಳೂರಿಗರು ಅದನ್ನು ಕೊಂಕಣಿಯಲ್ಲಿ ಕೇಳುವುದಾಗಲಿ ಆ ಮತದಾನದಿಂದ ಸಾಧ್ಯವಾಯಿತು. ಬೆಂಗಳೂರಿನ ಚರ್ಚುಗಳಲ್ಲಿ ಪೂಜೆ ಕನ್ನಡದಲ್ಲೋ, ತಮಿಳಿನಲ್ಲೋ, ಕೊಂಕಣಿಯಲ್ಲೋ ಎಂದು ದಶಕಗಳಿಂದ ನಡೆದ ಜಗಳವೂ ಅದರ ಸಂತಾನವೇ. ಲ್ಯಾಟಿನ್ ಯಾರದೂ ಆಗಿರಲಿಲ್ಲವಾದ್ದರಿಂದ ಮೊದಲು ಆ ಜಗಳಕ್ಕೆ ಜಾಗವಿರಲಿಲ್ಲ.

1999ರ ಡಿಸೆಂಬರಿನಲ್ಲಿ ಎರಡನೇ ಜಾನ್ ಪಾಲ್ ಪೋಪ್ ಹುಸ್‌ನ ಕ್ರೂರ ಸಾವಿಗೆ ಆಳವಾದ ವಿಷಾದ ಸೂಚಿಸಿದರು. ಶಿಕ್ಷೆಯ ತೀರ್ಪು ಮಾತ್ರ ದಾಖಲೆಯಲ್ಲಿ ಹಾಗೇ ಇದೆ. ಫ್ರಾನ್ಸಿಸ್ ಪೋಪ್ 2023 ಮತ್ತು 2024ರಲ್ಲಿ ನಡೆಸಿದ ಬಿಷಪ್ಪರ ಸಮಾವೇಶದಲ್ಲಿ ಪಾದ್ರಿಗಳಲ್ಲದವರಿಗೂ, ಮಹಿಳೆಯರಿಗೂ ಮತ ಸಿಕ್ಕಿತು. ಆದರೆ ಅದು ಸಲಹೆ ಕೊಡುವ ಸಮಾವೇಶ, ತೀರ್ಮಾನ ಪೋಪ್‌ರದು.

ಪೋಪ್ ಸಭೆಗಿಂತ ದೊಡ್ಡವರು ಎಂಬುದೇ ಇಂದಿನ ನಿಯಮ. ಆದರೆ ಮಾರ್ಟಿನ್‌ನಿಂದ ಇಲ್ಲಿಯವರೆಗಿನ ಪ್ರತಿಯೊಬ್ಬ ಪೋಪ್‌ರ ಹಕ್ಕೂ ಸರೋವರದ ದಡದ ಆ ಉಗ್ರಾಣದಲ್ಲಿ ನಡೆದ ಆಯ್ಕೆಯಿಂದ ಬಂದದ್ದು. ಆ ಆಯ್ಕೆಯನ್ನು ನಡೆಸಿದ ಸಭೆಗೆ ಒಬ್ಬ ಪೋಪ್‌ನನ್ನು ಇಳಿಸುವ ಅಧಿಕಾರವಿರಲಿಲ್ಲ ಎಂದರೆ, ಇನ್ನೊಬ್ಬನನ್ನು ಏರಿಸಲು ಅದಕ್ಕೆ ಪೀಠ ಎಲ್ಲಿ ಖಾಲಿಯಿತ್ತು? ಆರು ನೂರು ವರ್ಷಗಳಿಂದ ಪಂಡಿತರು ಈ ಪ್ರಶ್ನೆಗೆ ಉತ್ತರ ಹೊಸೆಯುತ್ತಲೇ ಇದ್ದಾರೆ. ಉಗ್ರಾಣದ ಕಟ್ಟಡ ಈಗಲೂ ಇದೆ. ಊರಿನವರು ಅದನ್ನು 'ಕೊನ್ಸಿಲ್' ಎಂದು ಕರೆಯುತ್ತಾರೆ. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಮಹಾಸಭೆ.